ಸೂಜ್ ಅಂದರೆ ಸೂಜಿಯಲ್ಲ

ನಮ್ಮ ಬಿಲ್ಡಿಂಗಿನಲ್ಲಿ ಯಾರಿಗಾದರೂ ಆಸ್ಪತ್ರೆ ಸೇರುವ ಪ್ರಸಂಗ ಬಂದರೆ ಮೊದಲು ನನ್ನ ಬಾಗಿಲು ಬಡಿಯುತ್ತಾರೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಒಂದು ಕಾಲದಲ್ಲಿ ಸರಿಯಾಗಿ ಕಾಯಿಲೆ ಬಿದ್ದು ಎದ್ದವಳು, ಅಷ್ಟೇ ನನ್ನ ಪದವಿ. ಮೊನ್ನೆ ಮೂರನೇ ಮಹಡಿಯ ಹುಡುಗಿಯೊಬ್ಬಳು ಬಂದು, "ಆಂಟಿ, ಅಡ್ಮಿಟ್ ಹೋನಾ ಹೈ. ನಂಗೆ ತುಂಬಾ ಡರ್ ಆಗ್ತದೆ" ಎಂದು ಸೋಫಾದ ಮೇಲೆ ಕುಳಿತು ಅತ್ತಳು. ನಾನು ಅವಳಿಗೆ ಧೈರ್ಯದ ಮಾತು ಒಂದೂ ಹೇಳಲಿಲ್ಲ. ಧೈರ್ಯ ಹೇಳುವವರನ್ನು ಕಂಡರೆ ಮಂಚದಲ್ಲಿ ಮಲಗಿದವರಿಗೆ ಎಷ್ಟು ಸಿಟ್ಟು ಬರುತ್ತದೆಂದು ನನಗೆ ಗೊತ್ತು. ಬದಲಿಗೆ ನನ್ನ ಸೂಜಿಯ ಕಥೆ ಹೇಳಿದೆ. ಅಳುತ್ತಿದ್ದವಳು ನಕ್ಕಳು, ಹೋಗುವಾಗ ಚಕ್ಕುಲಿಯನ್ನೂ ತಿಂದುಕೊಂಡು ಹೋದಳು. ಅದಕ್ಕೇ ಅದನ್ನು ಬರೆದೇ ಇಡೋಣ ಎನಿಸಿತು.

ಅದು ಎಪ್ಪತ್ತರ ದಶಕದ ಮೊದಲ ವರ್ಷಗಳು. ನಮ್ಮವರು ಬೊರಿವಲಿಯ ಒಂದು ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ ಗಲ್ಲಾದ ತನಕ ಬಂದವರು. ಆಗೆಲ್ಲ ಹೋಟೆಲಿನ ಗಂಡಸರು ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗುವುದು, ಹೆಂಡತಿ ಊರಿನಲ್ಲಿ ಇರುವುದು. ಮದುವೆಯಾಗಿ ಎರಡು ವರ್ಷ ನಾನೂ ಕುಂದಾಪುರದ ಹತ್ತಿರದ ನಮ್ಮೂರಿನಲ್ಲಿ ಅತ್ತೆಯ ಜೊತೆಗೇ ಇದ್ದೆ. ಆಮೇಲೆ ಇವರಿಗೆ ದಹಿಸರಿನ ಚಾಳಿನಲ್ಲಿ ಒಂದು ಖೋಲಿ ಸಿಕ್ಕಿತು. ಅದರ ಮೇಲೆ ಹೋಟೆಲಿನ ಇನ್ನಿಬ್ಬರು ಕಣ್ಣಿಟ್ಟಿದ್ದರು. ಇವರು ಹೇಗೋ ಹೋಟೆಲಿನ ಮಾಲೀಕ ಸೇಠನ ಕಾಲು ಹಿಡಿದು ಅದನ್ನು ದಕ್ಕಿಸಿಕೊಂಡು ನನ್ನನ್ನು ಕರೆಸಿಕೊಂಡರು. ಒಂದು ಕಿಟಕಿ, ಮೂಲೆಯಲ್ಲಿ ಮೀಯಲು ತೊಳೆಯಲು ಒಂದು ಮೋರಿ, ಹೊರಗೆ ಉದ್ದ ಗ್ಯಾಲರಿ. ನನಗೆ ಅದು ಅರಮನೆ.

ಅತ್ತೆಗೆ ಮಾತ್ರ ಇದು ಒಂದಿಷ್ಟೂ ಇಷ್ಟವಿರಲಿಲ್ಲ. "ಬೊಂಬಾಯಿ ಗಂಡಸ್ರ್ ದುಡಿಯುವ ಊರ್. ಹೆಣ್ಮಕ್ಕಳಿಗೆ ಅಲ್ಲಿ ಎಂತ ಇತ್?" ಎನ್ನುತ್ತಲೇ ಬಸ್ಸು ಹತ್ತಿಸಿದ್ದರು. ಏನಾದರೂ ಹೆಚ್ಚುಕಡಿಮೆಯಾದರೆ ನನ್ನನ್ನು ವಾಪಸು ಕರೆಸಿಕೊಳ್ಳುತ್ತಾರೆ, ನಾನು ಹೋದರೆ ಒಂಟಿ ಗಂಡಸಿಗೆ ಖೋಲಿ ಯಾಕೆಂದು ಸೇಠ್ ಅದನ್ನು ಬೇರೆಯವರಿಗೆ ಕೊಡುತ್ತಾನೆ, ಇವರು ಮತ್ತೆ ಮೇಜಿನ ಮೇಲೆ. ಇದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೆಚ್ಚುಕಡಿಮೆ ಆಗಿಯೇಬಿಟ್ಟಿತು. ಮೊದಲು ಗಂಟಲು ನೋವು ಬಂದು ಹೋಯಿತು. ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಎದ್ದರೆ ರೆಪ್ಪೆ ಬಿಡಿಸಲಾಗದಷ್ಟು ಮುಖ ಊದಿದೆ. ನಮ್ಮವರು ನೋಡಿ ಖುಷಿಪಟ್ಟರು. "ಬೊಂಬಾಯಿ ನೀರ್ ನಿಂಗೆ ಹಿಡ್ಸಿತ್, ಮೋರೆ ತುಂಬಿತ್ ಕಾಣ್" ಎಂದರು. ನಾನೂ ನಂಬಿದೆ. ಆದರೆ ಬಳೆ ಬಿಗಿಯಾಯಿತು, ಚಪ್ಪಲಿ ಹಿಡಿಯದಾಯಿತು, ಮೂತ್ರ ಹೋಟೆಲಿನ ಖಡಕ್ ಚಹದ ಬಣ್ಣಕ್ಕೆ ತಿರುಗಿತು. ರಸ್ತೆ ಕೂಡುವ ನಾಕಾದ ಹತ್ತಿರದ ಡಾಕ್ಟರು ಒಮ್ಮೆ ನೋಡಿ, ಎರಡನೇ ಮಾತಿಲ್ಲದೆ ದೊಡ್ಡ ಮುನಿಸಿಪಲ್ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕಿಡ್ನಿ ಎಂದರು. ಆ ಪದ ಕೇಳಿದ ನಮ್ಮವರು ಲೋಕಲ್ ರೈಲಿನಲ್ಲಿ ದಾದರ್ ದಾಟುವ ತನಕ ಆ ಚೀಟಿಯನ್ನೇ ಮಡಚುತ್ತಾ ಬಿಡಿಸುತ್ತಾ ಕುಳಿತರು. ನನಗಿಂತ ಅವರ ಮುಖವೇ ಹೆಚ್ಚು ಊದಿದಂತೆ ಕಾಣುತ್ತಿತ್ತು.

ಹೆಂಗಸರ ವಾರ್ಡ್ ಎಂದರೆ ಒಂದು ಉದ್ದನೆಯ ಹಾಲ್. ಎರಡು ಸಾಲು ಮಂಚ, ನಡುವೆ ದಾರಿ, ಆ ತುದಿಯಲ್ಲಿ ನರ್ಸುಗಳ ಮೇಜು. ನನಗೆ ಮಂಚದಿಂದ ಇಳಿಯಬಾರದು, ಉಪ್ಪು ತಿನ್ನಬಾರದು, ನೀರು ಅಳತೆಯಲ್ಲಿ ಕುಡಿಯಬೇಕು ಎಂಬ ಕಟ್ಟಪ್ಪಣೆಯಾಯಿತು. ಅದೆಲ್ಲ ಸರಿ. ಬೆಳಿಗ್ಗೆ ಸಂಜೆ ಪೆನಿಸಿಲಿನ್ ಸೂಜಿಯೂ ಉಂಟು ಎಂದಾಗ ಮಾತ್ರ ಜೀವ ಬಾಯಿಗೆ ಬಂತು. ಸೂಜಿ ಎಂದರೆ ನಾನು ಚಿಕ್ಕಂದಿನಿಂದ ಪುಕ್ಕಲಿ. ಶಾಲೆಗೆ ಸೂಜಿ ಹಾಕುವವರು ಬಂದ ದಿನ ಹಟ್ಟಿಯಲ್ಲಿ ಎಮ್ಮೆಯ ಹಿಂದೆ ಅಡಗಿ ಕುಳಿತವಳು.

ಆ ವಾರ್ಡಿನಲ್ಲಿ ಕೆಲಸದ ಕ್ರಮವೇ ವಿಚಿತ್ರವಾಗಿತ್ತು. ಒಬ್ಬಳು ನರ್ಸ್ ಇಡೀ ವಾರ್ಡಿನ ಜ್ವರ ನೋಡುವವಳು. ಇನ್ನೊಬ್ಬಳು ಇಡೀ ವಾರ್ಡಿಗೆ ಸೂಜಿ ಚುಚ್ಚುವವಳು. ಮತ್ತೊಬ್ಬಳು ಪ್ರತಿ ಮಂಚದ ಕಾಲ್ಬದಿ ನಿಂತು ಏನೇನೋ ಕೇಳಿ ಬರೆದುಕೊಂಡು ಹೋಗುವವಳು. ಯಾರಿಗೂ ನಮ್ಮ ಹೆಸರು ಗೊತ್ತಿಲ್ಲ, ಎಲ್ಲರೂ ಮಂಚದ ನಂಬರು. ಅವರ ತಪ್ಪೇನಿಲ್ಲ, ಅಷ್ಟು ಮಂಚಗಳಿಗೆ ಬೆರಳೆಣಿಕೆಯ ಹುಡುಗಿಯರು. ನಮ್ಮವರಿಗೆ ಹೇಳಿದಾಗ, "ನಮ್ ಹೋಟೆಲಂಗೂ ಹಾಂಗೇ ಅಲ್ದಾ? ನೀರ್ ಇಡುವವ ಬೇರೆ, ದೋಸೆ ತಂದ್ ಕೊಡುವವ ಬೇರೆ, ಮೇಜ್ ಒರ್ಸುವವ ಬೇರೆ" ಎಂದರು. "ನಾನೇನು ಮೇಜಾ?" ಎಂದು ಕೇಳಿದೆ.

ಬರೆದುಕೊಳ್ಳುವವಳು ಸುಮನ್ ಎಂಬ ನರ್ಸಿಂಗ್ ಕಲಿಯುವ ಹುಡುಗಿ. ನನಗೆ ಮರಾಠಿ ಗಂಧ ಗಾಳಿ ಇಲ್ಲ, ಹಿಂದಿ ಅಷ್ಟಕ್ಕಷ್ಟೆ. ಅವಳು ದಿನಾ ಬೆಳಿಗ್ಗೆ ಬಂದು, "ಸೂಜ್ ಆಹೇ ಕಾ?" ಎನ್ನುತ್ತಿದ್ದಳು. ಪೂರ್ತಿ ಅರ್ಥವಾಗದಿದ್ದರೂ ಸೂಜಿ ಎಂಬುದು ಕಿವಿಗೆ ಬಿತ್ತಲ್ಲ. ಸೂಜಿ ಬೇಕಾ ಎಂದು ಕೇಳುತ್ತಿದ್ದಾಳೆ ಎಂದುಕೊಂಡೆ. ಎಷ್ಟು ಮರ್ಯಾದಸ್ಥರು ಈ ಬೊಂಬಾಯಿಯವರು, ಚುಚ್ಚುವ ಮೊದಲು ಕೇಳುತ್ತಾರಲ್ಲ ಎಂದು ಸಂತೋಷವಾಯಿತು. ತಲೆ ಜೋರಾಗಿ ಆಡಿಸಿ, "ನಾಹೀ, ನಾಹೀ" ಎಂದೆ. ಅವಳು ನಕ್ಕು ಬರೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೆ ಸೂಜಿಯವಳು ಬಂದು, ನಾನು ಎಷ್ಟು ಕೈ ಅಡ್ಡ ಹಿಡಿದರೂ ಕೇಳದೆ ಸೊಂಟಕ್ಕೆ ಚುಚ್ಚಿಯೇ ಹೋದಳು.

ಮರುದಿನವೂ ಅದೇ. ಅದರ ಮರುದಿನವೂ ಅದೇ. ಒಬ್ಬಳು ಬಂದು ವಿನಯವಾಗಿ ಕೇಳುತ್ತಾಳೆ, ನಾನು ಬೇಡ ಎನ್ನುತ್ತೇನೆ, ಇನ್ನೊಬ್ಬಳು ಬಂದು ಚುಚ್ಚುತ್ತಾಳೆ. ಒಬ್ಬಳ ಮಾತು ಇನ್ನೊಬ್ಬಳ ಕಿವಿಗೆ ಬೀಳುವುದೇ ಇಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿ. ಪಕ್ಕದ ಮಂಚದಲ್ಲಿ ಭಾಂಡುಪಿನ ಒಬ್ಬ ಮರಾಠಿ ಹೆಂಗಸು ಇದ್ದರು, ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ದಮ್ಮಿನ ಕಾಯಿಲೆಯವರು, ಆದರೂ ಮಾತು ನಿಲ್ಲಿಸಿದವರಲ್ಲ. ಅವರಿಗೆ ಕೈಸನ್ನೆಯಲ್ಲಿ ದೂರು ಹೇಳಿದೆ. ಅವರು ನನ್ನ ಬೆನ್ನು ತಟ್ಟಿ, "ಹೋಯೀಲ್ ಬರಾ" ಎಂದರು, ಎಲ್ಲ ಸರಿಹೋಗುತ್ತದೆ ಎಂದು. ನನ್ನ ದೂರು ಅವರಿಗೆ ಒಂದಕ್ಷರವೂ ತಿಳಿದಿರಲಿಲ್ಲ.

ಇಷ್ಟರಲ್ಲಿ ಮುಖದ ಊತ ಇಳಿಯಿತು. ಕಣ್ಣು ಅಗಲವಾಗಿ ತೆರೆದವು. ಡಾಕ್ಟರು ಬಂದವರು ಮುಖ ನೋಡಿ, ಬರೆದದ್ದು ನೋಡಿ, ಗುಡ್ ಎನ್ನುವರು. ಹೊದಿಕೆಯನ್ನಂತೂ ನಾನು ಕುತ್ತಿಗೆಯಿಂದ ಹೆಬ್ಬೆರಳ ತನಕ ಬಿಗಿದುಕೊಂಡೇ ಮಲಗುತ್ತಿದ್ದೆ. ಪರಗಂಡಸರ ಎದುರು ಕಾಲು ಬಿಟ್ಟುಕೊಂಡು ಮಲಗುವುದುಂಟೇ? ಆ ಡಾಕ್ಟರೂ ಚಿಕ್ಕ ವಯಸ್ಸಿನವರು, ನನಗಿಂತ ಅವರಿಗೇ ನಾಚಿಕೆ ಹೆಚ್ಚು. ಕೊನೆಗೆ ನಾಳೆ ಮನೆಗೆ ಹೋಗಬಹುದು ಎಂದುಬಿಟ್ಟರು. ಯಾರಿಂದಲೋ ಸುದ್ದಿ ಕೇಳಿ ಅತ್ತೆ ಆಗಲೇ ಊರಿನಿಂದ ಹೊರಟಿದ್ದರು, ನನ್ನನ್ನು ಕರೆದೊಯ್ಯಲು. ಅವರು ಬರುವಷ್ಟರಲ್ಲಿ ನಾನು ದಹಿಸರಿನ ಖೋಲಿಯಲ್ಲಿ ಗಟ್ಟಿಮುಟ್ಟಾಗಿ ನಿಂತು ಚಹಾ ಕೊಡಬೇಕು, ಮೈಯಲ್ಲಿ ಕಾಯಿಲೆಯ ಸುಳಿವೂ ಉಳಿದಿರಬಾರದು ಎಂಬುದು ನಮ್ಮಿಬ್ಬರ ಉಪಾಯ.

ಆ ವಾರವೇ ವಾರ್ಡಿಗೆ ಹೊಸ ಮುಖ್ಯ ಸಿಸ್ಟರ್ ಬಂದಿದ್ದರು. ಏಲಿಯಮ್ಮ ಎಂದು ಹೆಸರು, ಕೇರಳದವರು. ಗಿಡ್ಡ ಜೀವ, ಗಂಜಿ ಹಾಕಿದ ಟೋಪಿ, ನಗು ಎಂಬುದು ಹತ್ತಿರ ಸುಳಿಯದ ಮುಖ. ಬಂದವರೇ ಹಳೆಯ ಕ್ರಮವನ್ನೆಲ್ಲ ಕಿತ್ತುಹಾಕಿದರು. ಜ್ವರಕ್ಕೊಬ್ಬಳು ಸೂಜಿಗೊಬ್ಬಳು ಎಂಬುದು ಇನ್ನಿಲ್ಲ, ಒಬ್ಬೊಬ್ಬಳಿಗೆ ಒಂದಿಷ್ಟು ಮಂಚ, ಆ ಮಂಚಗಳವರ ಜ್ವರ, ಸೂಜಿ, ಊಟ, ಉಚ್ಚೆ, ಅಳು, ನಗು ಎಲ್ಲವೂ ಅವಳದ್ದೇ. ನಂಬರು ಕರೆಯಬಾರದು, ಹೆಸರು ಹಿಡಿಯಬೇಕು. ಮೊದಲೆಲ್ಲ ಡ್ಯೂಟಿ ಬದಲಾಗುವಾಗ ಹೋಗುವವರು ಬರುವವರಿಗೆ ಮೇಜಿನ ಹತ್ತಿರವೇ ವರದಿ ಒಪ್ಪಿಸಿ ಬಸ್ಸಿಗೆ ಓಡುತ್ತಿದ್ದರು. ಈಗ ಇಬ್ಬರೂ ಪ್ರತಿ ಮಂಚದ ಹತ್ತಿರ ನಿಂತು, ರೋಗಿಯ ಎದುರೇ ಹೇಳಿ, ಕಣ್ಣಾರೆ ನೋಡಿಯೇ ಒಪ್ಪಿಸಬೇಕು. "ಪೂಛ್ ಕೆ ನಹೀ ಲಿಖನೇ ಕಾ. ದೇಖ್ ಕೆ ಲಿಖನೇ ಕಾ", ಕೇಳಿ ಬರೆಯುವುದಲ್ಲ, ನೋಡಿ ಬರೆಯಬೇಕು, ಎಂಬುದು ಅವರ ಮಂತ್ರ. ಹುಡುಗಿಯರು ಬೆನ್ನ ಹಿಂದೆ ಮೂಗು ಮುರಿದರು. ನನಗೂ ಕೋಪ ಬಂತು. ನಮ್ಮ ಮಂಚಗಳಿಗೆ ಬಿದ್ದವಳು ಸುಮನ್, ಅಂದರೆ ಇನ್ನು ಕೇಳುವವಳೇ ಚುಚ್ಚುವವಳು. ಇದ್ದೊಬ್ಬಳು ಒಳ್ಳೆಯವಳೂ ಕೈ ತಪ್ಪಿದಳಲ್ಲ ಎನಿಸಿತು.

ಮನೆಗೆ ಹೋಗುವ ಹಿಂದಿನ ಮಧ್ಯಾಹ್ನ ಆ ಮೆರವಣಿಗೆ ನನ್ನ ಮಂಚಕ್ಕೆ ಬಂತು. ಸುಮನ್ ನನ್ನ ಹೆಸರು ಹಿಡಿದೇ ಒಪ್ಪಿಸಿದಳು, "ಗುಲಾಬಿ. ಕಿಡ್ನಿ. ಬುಖಾರ್ ನಹೀ. ಸೂಜ್ ನಹೀ. ಕಲ್ ಘರ್."

ಸಿಸ್ಟರ್ ನನ್ನತ್ತ ತಿರುಗಿ, "ಸೂಜ್ ಆಹೇ ಕಾ?" ಎಂದರು.

"ನಾಹೀ, ನಾಹೀ" ಎಂದೆ, ಎಂದಿನಂತೆ.

ಅವರು ಹೊದಿಕೆಗೆ ಕೈ ಹಾಕಿದರು. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಅವರು ಎಳೆದರು, ನಾನೂ ಎಳೆದೆ. ಮಾವಶಿ ತಮ್ಮ ಮಂಚದಿಂದ, "ಅಗ, ಸೋಡ್ ನಾ", ಬಿಡು ಮಾರಾಯ್ತಿ, ಎಂದು ಗದರಿದರು. ಅಷ್ಟರಲ್ಲಿ ಹೊದಿಕೆ ಜಾರಿತು, ಸಿಸ್ಟರ್ ನನ್ನ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿದರು. ಆಮೇಲೆ ಬೆರಳು ತೆಗೆದರು. ಅಲ್ಲಿ ಒಂದು ಗುಳಿ ಬಿದ್ದಿತ್ತು, ನಾದಿದ ಹಿಟ್ಟಿನಲ್ಲಿ ಬೆರಳಿಟ್ಟ ಹಾಗೆ. ಅದು ಹಾಗೇ ನಿಂತುಬಿಟ್ಟಿತು. ನಾವೆಲ್ಲ ಆ ಗುಳಿಯನ್ನೇ ನೋಡಿದೆವು. ಸುಮನ್‌ಳ ಮುಖ ಬಿಳಿಚಿಕೊಂಡಿತು.

"ಯೇ ಕ್ಯಾ ಹೈ? ತುಮ್ ನಹೀ ಬೋಲಾ" ಎಂದರು ಸಿಸ್ಟರ್.

ಇಷ್ಟು ದಿನ ನುಂಗಿಕೊಂಡ ಸಿಟ್ಟೆಲ್ಲ ನನ್ನ ಹರಕು ಹಿಂದಿಯಲ್ಲಿ ಹೊರಬಿತ್ತು. "ಹಾಂ, ಮೈ ಸೂಜಿ ನಹೀ ಬೋಲಾ. ರೋಜ್ ಬೋಲಾ. ಫಿರ್ ಭೀ ರೋಜ್ ಮಾರ್ತಾ ಹೈ" ಎಂದು ಸೊಂಟಕ್ಕೆ ಬೆರಳಿನಿಂದ ಚುಚ್ಚಿ ತೋರಿಸಿದೆ.

"ಸೂಜಿ?" ಎಂದು ಸಿಸ್ಟರ್ ಹುಬ್ಬು ಗಂಟಿಕ್ಕಿದರು. ಆಮೇಲೆ ಮೆಲ್ಲಗೆ, "ಸೂಚಿ?" ಎಂದರು. ಅವರ ಭಾಷೆಯಲ್ಲಿ ಸೂಜಿಗೆ ಸೂಚಿ ಎನ್ನುತ್ತಾರಂತೆ. ನಂತರ ಎಂದೂ ನಗದ ಆ ಸಿಸ್ಟರ್ ಸ್ಟೂಲಿನ ಮೇಲೆ ಕುಸಿದು ಕುಳಿತು ಟೋಪಿ ಜಾರುವ ತನಕ ನಕ್ಕರು. ಸೂಜ್ ಎಂದರೆ ಮರಾಠಿಯಲ್ಲಿ ಊತ ಎಂದು ಆಗ ನನಗೆ ತಿಳಿಯಿತು. ಊತ ಇದೆಯಾ ಎಂದು ಅವರು ದಿನಾ ಕೇಳಿದ್ದರು. ಕಾಲು ಕಂಬದ ಹಾಗೆ ಊದಿಸಿಕೊಂಡು ನಾನು ದಿನಾ ಇಲ್ಲ ಎಂದಿದ್ದೆ. ಮಾವಶಿ ಈ ಸುದ್ದಿಯನ್ನು ಆ ತುದಿಯ ಮಂಚದ ತನಕ ದಾಟಿಸಿದರು. ಇಡೀ ವಾರ್ಡ್ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಕ್ಕರೆ ಹೊಲಿಗೆ ನೋಯುತ್ತದೆ ಎಂದು ಒಬ್ಬಾಕೆ ನನ್ನನ್ನು ಬೈದಳು.

ಸುಮನ್ ಮಾತ್ರ ಅಳುತ್ತಿದ್ದಳು. ಸಿಸ್ಟರ್ ಅವಳನ್ನು ಬೈಯಲಿಲ್ಲ. "ಸವಾಲ್ ಠೀಕ್ ಥಾ. ಜವಾಬ್ ಭೀ ಠೀಕ್ ಥಾ. ಪೈರ್ ಕೋ ಕಿಸೀ ನೇ ನಹೀ ಪೂಛಾ" ಎಂದರು, ಪ್ರಶ್ನೆಯೂ ಸರಿ, ಉತ್ತರವೂ ಸರಿ, ಕಾಲನ್ನು ಮಾತ್ರ ಯಾರೂ ಕೇಳಲಿಲ್ಲ ಎಂದು.

ಡಾಕ್ಟರು ಓಡಿ ಬಂದರು, ಬಿ.ಪಿ. ನೋಡಿದರು, ಮನೆಗೆ ಹೋಗುವುದು ರದ್ದಾಯಿತು. ನಗು ಅಡಗಿದ ಮೇಲೆ ಹೆದರಿಕೆ ಬಂತು. ನನ್ನ ಕಾಲು ನನ್ನದಲ್ಲ, ಯಾರದೋ ಸತ್ತವರದ್ದು ಎನಿಸಿತು. ಇಷ್ಟು ದಿನ ಉಪ್ಪಿಲ್ಲದೆ ಗೋಡೆ ನೆಕ್ಕುವ ಹಾಗೆ ಊಟ ಮಾಡಿದ್ದು ದಂಡವಾಯಿತೇ? ನಾನು ಬದುಕುತ್ತೇನೆಯೇ? ಬದುಕಿದರೂ ದಹಿಸರಿಗೆ ಹೋಗುತ್ತೇನೆಯೇ? ಸಿಸ್ಟರ್ ಮಂಚದ ಪಕ್ಕ ಕುಳಿತು ಸುಳ್ಳು ಹೇಳದೆ ಹೇಳಿದರು, "ಪಾನೀ ಅಭೀ ಅಂದರ್ ಹೈ. ಘರ್ ಜಾತಾ ತೋ ಛಾತೀ ಮೇ ಚಢ್ತಾ. ಅಭೀ ದೇಖ್ ಲಿಯಾ, ಅಭೀ ನಿಕಾಲೇಗಾ." ನೀರು ಇನ್ನೂ ಒಳಗಿದೆ, ಮನೆಗೆ ಹೋಗಿದ್ದರೆ ಎದೆಗೆ ಏರುತ್ತಿತ್ತು, ಈಗ ನೋಡಿದ್ದೇವೆ, ಇನ್ನು ತೆಗೆಯುತ್ತೇವೆ. ಆ ಮಾತಿಗೆ ನನಗೆ ಎಷ್ಟು ಸಮಾಧಾನವಾಯಿತೆಂದರೆ ಸಂಜೆಯ ಸೂಜಿಗೆ ಕೈ ಅಡ್ಡ ಹಿಡಿಯಲಿಲ್ಲ.

ಮರುದಿನ ಅತ್ತೆ ಬಂದಿಳಿದರು. ಒಂದು ಟ್ರಂಕು, ಬಟ್ಟೆ ಕಟ್ಟಿದ ಒಂದು ಭರಣಿ ಮಿಡಿ ಉಪ್ಪಿನಕಾಯಿ, ಬಸ್ಸಿನ ಧೂಳು. ಚಹಾ ಕೊಡಬೇಕಾದ ಸೊಸೆ ಮಂಚದಲ್ಲಿದ್ದಳು.

"ಎಂತ ಹೆಣ್ಣೆ ಇದ್?" ಎಂದು ನನ್ನ ಗಲ್ಲ ಹಿಡಿದರು. ಕಣ್ಣು ತುಂಬಿದ್ದವು, ದನಿ ಮಾತ್ರ ಜಗಳದ್ದು. "ನಾ ಅವತ್ತೇ ಹೇಳ್ದೆ. ಈಗ್ಲೇ ಏಳ್, ಊರಿಗ್ ಹೋಪ. ಊರಂಗೆ ಮದ್ದ್ ಕೊಡುವವ್ರ್ ಇದ್ರ್."

"ಅಮ್ಮ, ನೀವ್ ಸುಮ್ನಿರಿ ಕಾಂಬ" ಎಂದರು ನಮ್ಮವರು. ಅತ್ತೆ ಸುಮ್ಮನಿರುವ ಜಾತಿಯವರಲ್ಲ. ನನ್ನ ಬಟ್ಟೆ ಗಂಟು ಕಟ್ಟಲು ಶುರು ಮಾಡಿಯೇಬಿಟ್ಟರು.

ಸಿಸ್ಟರ್ ಬಂದರು. ಅವರಿಗೆ ಕನ್ನಡ ಬರದು, ಅತ್ತೆಗೆ ಕನ್ನಡ ಬಿಟ್ಟರೆ ಬೇರೆ ಬರದು. ಸಿಸ್ಟರ್ ಮಾತಿಗೆ ಹೋಗಲೇ ಇಲ್ಲ. ಅತ್ತೆಯ ಬಲಗೈ ಹಿಡಿದು, ಅವರ ಹೆಬ್ಬೆರಳನ್ನು ನನ್ನ ಕಾಲಿನ ಮೇಲಿಟ್ಟು ಒತ್ತಿಸಿದರು. ತೆಂಗಿನಕಾಯಿ ತುರಿದೂ ಹಗ್ಗ ಹೊಸೆದೂ ಗಟ್ಟಿಯಾದ ಹೆಬ್ಬೆರಳು ಅದು, ಗುಳಿ ಆಳವಾಗಿಯೇ ಬಿತ್ತು. ಅತ್ತೆ ಅದನ್ನು ನೋಡಿದರು, ನನ್ನ ಮುಖ ನೋಡಿದರು, ಮತ್ತೆ ಗುಳಿ ನೋಡಿದರು. ಗಂಟು ಕಟ್ಟುತ್ತಿದ್ದ ಸೀರೆ ಕೆಳಗೆ ಬಿತ್ತು.

"ಇದ್ ಹೋಪಲ್ಲಿ ವರೆಗೆ ಹುಡ್ಗಿ ಇಲ್ಲೇ ಇರ್ಲಿ" ಎಂದರು ಮಗನಿಗೆ. "ಆಮೇಲೆ ಊರಿಗೆ. ಅದ್ರಂಗೆ ಮಾತಿಲ್ಲೆ."

ಅಲ್ಲಿಂದ ಅತ್ತೆ ದಿನವೂ ಬಂದರು. ಉಪ್ಪಿಲ್ಲದ ಊಟ ಹೇಗೆ ಕೊಡುವುದೆಂದು ಮನೆಯವರು ಕಲಿಯಬೇಕು ಎಂಬುದೂ ಸಿಸ್ಟರರ ಕ್ರಮಗಳಲ್ಲಿ ಒಂದು, ಹಾಗಾಗಿ ಊಟದ ಹೊತ್ತಿಗೆ ಒಬ್ಬರನ್ನು ಒಳಗೆ ಬಿಡುತ್ತಿದ್ದರು. ನಮ್ಮವರು ಹೋಟೆಲಿನಲ್ಲಿ ಉಪ್ಪಿಲ್ಲದ ಇಡ್ಲಿ ಮಾಡಿಸಿ ಕಳಿಸಿದರು. ಅಡುಗೆಭಟ್ಟರಿಗೆ ಅವಮಾನವಾಗಿ, ಆ ಇಡ್ಲಿ ತಾನು ಮಾಡಿದ್ದೆಂದು ಯಾರಿಗೂ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡರಂತೆ. ಮಾವಶಿ ನನಗೆ ಮರಾಠಿ ಕಲಿಸಿದರು. ಸುಮನ್ ದಿನಾ ಹೊದಿಕೆ ಸರಿಸಿ, ಒತ್ತಿ ನೋಡಿ, ಆಮೇಲೆಯೇ ಬರೆದಳು. ಅವಳು ಬರುವ ಮೊದಲೇ ನಾನು ಕಾಲು ಹೊರಗೆ ಹಾಕಿ ಕುಳಿತಿರುತ್ತಿದ್ದೆ. ನಾಚಿಕೆ ಎಲ್ಲಿ ಹೋಯಿತೋ ತಿಳಿಯದು. ಗುಳಿ ದಿನದಿಂದ ದಿನಕ್ಕೆ ತೆಳುವಾಯಿತು, ಒಂದು ಬೆಳಿಗ್ಗೆ ಬೀಳಲೇ ಇಲ್ಲ. ಹೊರಡುವ ದಿನ ಸಿಸ್ಟರ್ ಗಂಭೀರವಾಗಿ, "ಸೂಜ್ ಆಹೇ ಕಾ?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಇಡೀ ಸಾಲು ಒಟ್ಟಾಗಿ "ನಾಹೀ" ಎಂದಿತು.

ಖೋಲಿಗೆ ಬಂದ ಮೇಲೆ ಅತ್ತೆಯ ಆಳ್ವಿಕೆ. ನಮ್ಮವರು ಬೇಡಿಕೊಂಡ ಮೇಲೆ ಒಂದು ರಾಜಿಯಾಯಿತು: ಅವರು ಇರುವಷ್ಟು ದಿನ ನನ್ನ ಕಾಲಿನಲ್ಲಿ ಮತ್ತೆ ಗುಳಿ ಬೀಳದಿದ್ದರೆ ನಾನು ಇಲ್ಲಿ, ಬಿದ್ದರೆ ಊರಿಗೆ. ಹೊರಡುವ ಬಸ್ಸಿಗೆ ಎರಡು ಸೀಟು ಹೇಳಿಟ್ಟರು. ನಾನು ಹೋಗದಿದ್ದರೆ ಊರಿಗೆ ಹೊರಟ ಹೋಟೆಲಿನವರು ಯಾರಾದರೂ ಕೂರಲಿ ಎಂದರು. ಬೆಳಿಗ್ಗೆ ನಾನು ಎದ್ದ ಕೂಡಲೇ ಗ್ಯಾಲರಿಯ ಬೆಳಕಿಗೆ ಕೂರಿಸಿ ಎರಡೂ ಕಾಲು ಒತ್ತುವರು. ಚಾಳಿನವರೆಲ್ಲ ಹಲ್ಲುಜ್ಜುತ್ತಾ ನಿಂತು ನೋಡುವರು. ಅತ್ತೆ ಸೊಸೆಯ ಕಾಲು ಹಿಡಿಯುವುದನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಉಪ್ಪಿಲ್ಲದ ಅಡುಗೆ ಒಂದೇ ಪಾತ್ರೆಯಲ್ಲಿ ಆಗುತ್ತಿತ್ತು. ಅತ್ತೆಯೂ ಅದನ್ನೇ ಬಡಿಸಿಕೊಳ್ಳುತ್ತಿದ್ದರು. ಬಾಗಿಲ ಮರೆಯಲ್ಲಿ ಭರಣಿ ಇತ್ತಲ್ಲ, ನನ್ನ ಕಣ್ತಪ್ಪಿಸಿ ಮಿಡಿ ಕಚ್ಚುತ್ತಿರಬೇಕು ಎಂದು ನಾನು ಒಳಗೊಳಗೇ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಹೊರಡುವ ದಿನ ಬೆಳಿಗ್ಗೆಯೂ ಗುಳಿ ಬೀಳಲಿಲ್ಲ. ಆದರೂ ನನ್ನ ಸೀರೆಗಳ ಗಂಟು ಅವರ ಟ್ರಂಕಿನ ಮೇಲೇ ಇತ್ತು. "ಬಸ್ ಹೊರಡುವಲ್ಲಿ ವರೆಗೆ ಸಮಯ ಇತ್ತಲ್ಲ" ಎಂದರು. ನಮ್ಮವರು ಗಂಟು ಹೊತ್ತುಕೊಂಡು ಬಂದರು. ಬಸ್ ನಿಲ್ದಾಣದಲ್ಲಿ ಅತ್ತೆ ಮೆಟ್ಟಿಲು ಹತ್ತಿದವರು ಅಲ್ಲೇ ತಿರುಗಿ ನಿಂತರು. ಬೊಂಬಾಯಿಯಲ್ಲಿ ಅವರು ಕಲಿತ ಮರಾಠಿ ಒಂದೇ ವಾಕ್ಯ.

"ಸೂಜ್ ಆಹೇ ಕಾ?"

"ನಾಹೀ" ಎಂದೆ.

"ಬರೀ ಬಾಯಂಗೆ ಕೇಂಡ್ರೆ ಆತಿಲ್ಲೆ. ಕಾಲ್ ತೋರ್ಸ್."

ಅಷ್ಟು ಜನರ ನಡುವೆ, ಸಾಮಾನು ಹೇರುವವರು, ಕಂಡಕ್ಟರು, ಊರಿಗೆ ಹೊರಟ ಹೋಟೆಲಿನ ಗಂಡಸರು ಎಲ್ಲರೂ ನೋಡುತ್ತಿರುವಾಗ, ನಾನು ಸೀರೆಯ ನಿರಿಗೆಯನ್ನು ಒಂದಿಷ್ಟು ಮೇಲಕ್ಕೆತ್ತಿ ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟೆ. ಅತ್ತೆ ಕುಕ್ಕರುಗಾಲಲ್ಲಿ ಕುಳಿತು ಹೆಬ್ಬೆರಳಿಟ್ಟು ಒತ್ತಿದರು. ಹಿಂದಿನಿಂದ ಯಾರೋ ಹತ್ತಲು ಅವಸರ ಮಾಡಿದರು, ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೆರಳು ತೆಗೆದು, ಬಗ್ಗಿ ನೋಡಿ, ಕಂಡಕ್ಟರನಿಗೆ, "ಬೀಳ್ತಿಲ್ಲೆ" ಎಂದರು, ಅವನೇ ಕೇಳಿದ್ದನೇನೋ ಎಂಬಂತೆ.

ನಮ್ಮವರ ಕೈಯಿಂದ ನನ್ನ ಗಂಟು ತೆಗೆದು ನನ್ನ ಕೈಗಿತ್ತರು. ಟ್ರಂಕು ಒಳಗೆ ಹೋಯಿತು. ಕೊನೆಗೆ ಭರಣಿಯನ್ನು ಅವರಿಗೆ ಎತ್ತಿಕೊಡಲು ನಾನು ಕೈ ಹಾಕಿದೆ. ಅದು ತುಂಬಿದ ಭಾರವಿತ್ತು. ಬಾಯಿಗೆ ಊರಿನಲ್ಲಿ ಕಟ್ಟಿದ ಬಟ್ಟೆ, ಅದರ ಮೇಲೆ ಊರಿನ ತೆಂಗಿನ ನಾರಿನ ಗಂಟು, ಒಮ್ಮೆಯೂ ಬಿಚ್ಚದ ಗಂಟು. ನಾನು ಅವರ ಮುಖ ನೋಡಿದೆ.

"ಎಂತ ಕಾಂತೆ? ಕೊಡ್ ಇತ್ಲಾಗೆ" ಎಂದು ಕಸಿದುಕೊಂಡರು.

ಕಿಟಕಿಯ ಪಕ್ಕ ಕುಳಿತು ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡರು. ಡ್ರೈವರ್ ಇನ್ನೂ ಹತ್ತಿರಲಿಲ್ಲ. ಅತ್ತೆ ಆ ಗಂಟನ್ನು ಹಲ್ಲಿನಿಂದ ಬಿಚ್ಚಿ, ಒಂದು ಮಿಡಿ ತೆಗೆದು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿದರು.